ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಗಿಡ್ಡ ಸುಗಂಧಿ ಯಾವುದಾದರೂ ಉಂಟಾ?

ದೊಂಬಿವಲಿ ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡನೇ ಮಾಳಿಗೆ, ಬಾಲ್ಕನಿ ಉತ್ತರಕ್ಕೆ. ಎದುರಿಗೆ ಟವರ್ ಎದ್ದ ಮೇಲೆ ಇದ್ದ ಬೆಳಕೂ ಅರ್ಧ ಆಯ್ತು. ಗುಲಾಬಿ, ದಾಸವಾಳದ ಆಸೆ ಬಿಟ್ಟಾಗಿದೆ. ಆದರೆ ಸುಗಂಧಿ ಹೂವಿನ (ಶುಂಠಿ ಜಾತಿಯದ್ದು, ಇಂಗ್ಲಿಷಿನಲ್ಲಿ ಜಿಂಜರ್ ಲಿಲಿ) ಆಸೆ ಬಿಡ್ಲಿಕ್ಕೆ ಆಗುದಿಲ್ಲ. ಕುಂದಾಪುರದ ಕಡೆಯವರಿಗೆ ಬೇರೆ ಹೇಳ್ಬೇಕಾ!

ಕಳೆದ ವರ್ಷ ಆನ್‌ಲೈನಲ್ಲಿ "ಡ್ವಾರ್ಫ್ ಜಿಂಜರ್ ಲಿಲಿ, ಒಂದೂವರೆ ಅಡಿ ಎತ್ತರ, ನೆರಳಿಗೆ ಸೂಕ್ತ" ಅಂತ ಇದ್ದದ್ದನ್ನು ನೋಡಿ ಗೆಡ್ಡೆ ತರಿಸಿದೆ. ಈಗ ನನ್ನ ಎದೆಮಟ್ಟಕ್ಕೆ ಬಂದಿದೆ. ಒಂದೇ ಒಂದು ಹೂವಿಲ್ಲ. ಮಾರಿದವರನ್ನು ಕೇಳಿದರೆ "ಇನ್ನಷ್ಟು ಗೊಬ್ಬರ ಹಾಕಿ ಮೇಡಂ" ಅಂತಾರೆ. ಗಾಳಿಗೆ ಗ್ರಿಲ್‌ನಿಂದ ಹೊರಗೆ ವಾಲಿದರೆ ಸೊಸೈಟಿಯವರ ಚೀಟಿ ಬರ್ತದೆ.

ತುದಿ ಚಿವುಟಿ ಗಿಡ್ಡ ಮಾಡ್ಬಹುದಾ? ಅಥವಾ ನಿಜವಾಗಿ ಮೊಣಕಾಲೆತ್ತರ ದಾಟದ, ನೆರಳಲ್ಲೇ ಹೂ ಬಿಡುವ ಶುಂಠಿ ಜಾತಿಯದ್ದು ಬೇರೆ ಉಂಟಾ? ಈಗ ಏಪ್ರಿಲ್, ಮಳೆಗೆ ಮುಂಚೆ ನೆಡ್ಬೇಕು ಅಂತ ಇದ್ದೇನೆ.

ಪೊಂಡಾ ಕುಳಾಗರ

ತುದಿ ಮಾತ್ರ ಚಿವುಟಬೇಡಿ. ಸುಗಂಧಿಯ ಹೂ ಬರುವುದೇ ಕಾಂಡದ ತುತ್ತತುದಿಯಲ್ಲಿ. ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುವ ಗಿಡವೂ ಅದಲ್ಲ. ಆ ಕಾಂಡದ ಕತೆ ಅಲ್ಲಿಗೆ ಮುಗೀತು. ಒಂದು ಕಾಂಡ ಒಂದೇ ಸಲ ಹೂ ಬಿಡುವುದು, ಆಮೇಲೆ ಬುಡದಿಂದ ಕತ್ತರಿಸಿ ಹೊಸ ಮರಿಗೆ ಜಾಗ ಮಾಡಿಕೊಡಬೇಕು.

ನಿಮಗೆ ಬಂದದ್ದು ನೂರಕ್ಕೆ ತೊಂಬತ್ತು ಪಾಲು ಮಾಮೂಲಿ ಬಿಳಿ ಸುಗಂಧಿ, ಹೆಡಿಚಿಯಂ ಕೊರೊನೇರಿಯಂ. ನಾಲ್ಕರಿಂದ ಆರು ಅಡಿ ಅದರ ಹುಟ್ಟುಗುಣ. ಬಾವಿಕಟ್ಟೆ, ಬಚ್ಚಲು ನೀರು ಹರಿಯುವ ಜಾಗ, ಬೆಳಿಗ್ಗೆ ಮೂರ್ನಾಲ್ಕು ತಾಸು ಬಿಸಿಲು ಅದಕ್ಕೆ ಬೇಕು. ಗಾಢ ನೆರಳಿನಲ್ಲಿ ಎಲೆ ಚೆನ್ನಾಗೇ ಬರುತ್ತದೆ, ಹೂ ಬರುವುದಿಲ್ಲ. ಅದರ ಮೇಲೆ ಯೂರಿಯಾ ಗೀರಿಯಾ ಸುರಿದರೆ ಇನ್ನೂ ಎರಡು ಅಡಿ ಎತ್ತರ, ಅಷ್ಟೇ.

ಕೊಥ್ರೂಡ್ ಕಾಕಾ

ಇಲ್ಲಿ ಪುಣೆದಾಗ ಇದಕ್ಕ ಸೋನಟಕ್ಕಾ ಅಂತಾರ. ನಮ್ಮ ಬಿಲ್ಡಿಂಗ್ ಕೆಳಗ ಪೂರ್ವದ ಗೋಡಿಗೆ ಹಚ್ಚೇವಿ, ಆಗಸ್ಟ್‌ದಿಂದ ದೀಪಾವಳಿತನಕ ಸಂಜೀಕ ಇಡೀ ಗೇಟು ಘಮ ಅಂತದ. ಮಧ್ಯಾಹ್ನ ಮೂರರ ಮ್ಯಾಲೆ ಮೊಗ್ಗು ಕಿತ್ತು ನೀರಾಗ ಇಟ್ರ ಕತ್ತಲಾಗೋದ್ರಾಗ ಅರಳ್ತಾವ.

ಆದ್ರ ಬಾಯಾರ, ನಿಮ್ಮ ಬಾಲ್ಕನಿಗೆ ಅದು ಬ್ಯಾಡ್ರಿ. ನಾ ಕುಂಡದಾಗ ಇಟ್ಟು ನೋಡೇನಿ. ಹದಿನಾರು ಇಂಚಿನ ಕುಂಡಾನೂ ಅದಕ್ಕ ಸಾಲಂಗಿಲ್ಲ, ಎರಡು ವರ್ಷಕ್ಕ ಗಡ್ಡಿ ಕುಂಡ ಸೀಳತಾವ. ಅದನ್ನ ಊರಿಗೆ ಹೋಗೋವಾಗ ಒಯ್ದು ಹಿತ್ತಲದಾಗ ಇಳಿಸಿಬಿಡ್ರಿ, ಪುಣ್ಯ ಬರ್ತದ.

ಮಾಟುಂಗದ ಮಾಮಿ

ದೊಂಬಿವಲಿಯವರೇ, ನಿಮಗೆ ಬೇಕಾದದ್ದು ಕೆಂಫೇರಿಯಾ. ನರ್ಸರಿಯಲ್ಲಿ "ಪೀಕಾಕ್ ಜಿಂಜರ್" ಅಂತ ಕೇಳಿ. ಎತ್ತರ ಒಂದು ಗೇಣು ದಾಟುದಿಲ್ಲ. ಎಲೆ ನೆಲಕ್ಕೇ ಅಂಟಿಕೊಂಡ ಹಾಗೆ ಅಗಲವಾಗಿ ಹರಡ್ತದೆ, ಕಡುಹಸಿರಿನ ಮೇಲೆ ಬೆಳ್ಳಿಬಣ್ಣದ ಪಟ್ಟೆ. ಮಳೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಎಲೆಯ ನಡುವಿನಿಂದ ನಸುನೇರಳೆ ಹೂ ಒಂದೆರಡು. ಸಂಜೆಗೆ ಅದು ಲೊಳಲೊಳ ಆಗಿ ಬೀಳ್ತದೆ, ಮರುದಿನ ಹೊಸತು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಹೀಗೇ ನಡೀತದೆ.

ಪರಿಮಳ ಮಾತ್ರ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಪರಿಮಳ ಬೇಕಾದರೆ ಅದರ ಅಕ್ಕ, ಕೆಂಫೇರಿಯಾ ರೊಟಂಡಾ, ನಮ್ಮ ನೆಲಸಂಪಿಗೆ. ಅದರದ್ದು ಉಲ್ಟಾ ವ್ಯವಹಾರ. ಮೊದಲು ಹೂ, ಆಮೇಲೆ ಎಲೆ. ಏಪ್ರಿಲ್-ಮೇ ತಿಂಗಳಲ್ಲಿ ಒಂದೂ ಎಲೆ ಇಲ್ಲದ ಬೋಳು ಮಣ್ಣಿನಿಂದ ಸೀದಾ ಹೂ ಎದ್ದು ಬರ್ತದೆ. ಬಿಳಿ ಎಸಳು ಮೇಲಕ್ಕೆ, ನೇರಳೆ ಎಸಳು ಕೆಳಗೆ. ಬಗ್ಗಿ ಮೂಸಿ ನೋಡ್ಬೇಕು. ಮಳೆ ಬಿದ್ದ ಮೇಲೆ ಎಲೆ ಒಂದು-ಒಂದೂವರೆ ಅಡಿ ನೆಟ್ಟಗೆ ನಿಲ್ತದೆ, ಅಡಿಭಾಗ ಕೆಂಪುನೇರಳೆ.

ಹಿಂಜವಡಿ ಹುಡುಗ

ಇಂಗ್ಲೆಂಡಿನ ತೋಟದ ವಿಡಿಯೋಗಳಲ್ಲಿ ರಾಸ್ಕೋಯಾ, ಕಾಟ್ಲೀಯಾ ಅಂತ ತೋರಿಸ್ತಾರೆ. ಅವೂ ಶುಂಠಿ ಕುಟುಂಬದ್ದೇ, ಗಿಡ್ಡ, ನೆರಳಿಗೆ ಬರುತ್ತೆ ಅಂತಾರೆ. ಹೂ ನೋಡಿದರೆ ಆರ್ಕಿಡ್ ಹಾಗೇ ಇದೆ. ತರಿಸಬಹುದಾ?

ಪೊಂಡಾ ಕುಳಾಗರ

ಬೇಡ ಮಾರಾಯಾ, ದುಡ್ಡು ದಂಡ. ರಾಸ್ಕೋಯಾ ಹಿಮಾಲಯದ ಎತ್ತರದ್ದು, ಚಳಿಗಾಲದಲ್ಲಿ ಮಣ್ಣೊಳಗೆ ತಣ್ಣಗೆ ಮಲಗಿ, ತಂಪು ಬೇಸಿಗೆಯಲ್ಲಿ ಏಳುವ ಗಿಡ. ನಮ್ಮ ಮೇ ತಿಂಗಳ ಸೆಖೆಯಲ್ಲಿ ಗೆಡ್ಡೆ ಬೇಯುತ್ತದೆ. ಅವರ ದೇಶದ ನೆರಳು ಬೇರೆ, ನಮ್ಮದು ಬೇರೆ. ಆ ವಿಡಿಯೋಗಳಲ್ಲಿ ಪೂರ್ತಿ ಬಿಸಿಲು ಅಂತ ಹೇಳುವ ಎಷ್ಟೋ ಗಿಡಗಳಿಗೆ ಕೊಂಕಣದಲ್ಲಿ ಅಡಿಕೆ ಮರದ ಕೆಳಗಿನ ಬೆಳಕು ಧಾರಾಳ ಸಾಕು.

ನಮ್ಮ ಹವೆಗೆ ಒಗ್ಗುವ ಗಿಡ್ಡ ಜಾತಿಗಳು ಥಾಯ್ಲೆಂಡ್, ಬರ್ಮಾ ಕಡೆಯವು, ಇಲ್ಲಾ ನಮ್ಮ ಘಟ್ಟದವೇ. ಅಲ್ಲೂ ಇಲ್ಲೂ ಒಂದೇ ತಾಳ. ನಾಲ್ಕು ತಿಂಗಳು ಸುರಿಯುವ ಮಳೆ, ಆಮೇಲೆ ಒಣಗು. ಮಾಮಿಯವರು ಹೇಳಿದ ಕೆಂಫೇರಿಯಾ ಜೊತೆಗೆ ಗ್ಲೋಬಾ ಸೇರಿಸಿಕೊಳ್ಳಿ. ಒಂದೂವರೆ-ಎರಡು ಅಡಿ, ಬಾಗಿದ ಕಾಂಡದ ತುದಿಯಿಂದ ನೇರಳೆ ಪಕಳೆಗಳ ಜಡೆ ಇಳಿಬೀಳುತ್ತದೆ, ಅದರ ಸಂದಿಯಿಂದ ಹಳದಿ ಹೂ ಹೊರಗೆ ಚಾಚಿ ತೂಗುತ್ತಿರುತ್ತದೆ. ಥಾಯ್ಲೆಂಡಿನ ಸರಬುರಿಯಲ್ಲಿ ಬೌದ್ಧರ ವರ್ಷಾವಾಸ ಶುರುವಾಗುವಾಗ ಜನ ದಾರಿಬದಿ ನಿಂತು ಭಿಕ್ಷುಗಳಿಗೆ ಅರ್ಪಿಸುವುದು ಇದೇ ಹೂವನ್ನು. ಕೊಯ್ದು ಹೂದಾನಿಯಲ್ಲಿಟ್ಟರೂ ಬಹಳ ದಿನ ಬಾಡುವುದಿಲ್ಲ. ನಮ್ಮ ಕುಳಾಗರದಲ್ಲಿ, ಅಂದರೆ ಅಡಿಕೆ ತೋಟದಲ್ಲಿ, ಮರದ ಬುಡಕ್ಕೆ ಹಾಕಿದ್ದೇನೆ, ನೇರ ಬಿಸಿಲು ಎಂಬುದನ್ನೇ ಅದು ಕಂಡಿಲ್ಲ.

ಹಿಂಜವಡಿ ಹುಡುಗ

ಮತ್ತೆ ಅರಿಶಿನದ ಕುಲದ ಕರ್ಕುಮಾ? ನರ್ಸರಿಯಲ್ಲಿ "ಸಿಯಾಮ್ ಟುಲಿಪ್" ಅಂತ ಗುಲಾಬಿ ಬಣ್ಣದ್ದು ಇತ್ತು, ಗಿಡ್ಡವಾಗೇ ಇತ್ತು.

ಕೊಥ್ರೂಡ್ ಕಾಕಾ

ಅದಕ್ಕ ಬಿಸಲು ಬೇಕು ತಮ್ಮಾ. ನೆರಳಾಗ ಇಟ್ರ ಮುಂದಿನ ವರ್ಷ ಬರೇ ಎಲಿ. ಕರ್ಕುಮಾದಾಗ ನೆರಳು ತಡಿಯೋವು ನಮ್ಮ ಕಾಡು ಅರಿಷಿಣದ ಜಾತಿಗಳು. ಜುಲೈದಾಗ ಸಹ್ಯಾದ್ರಿ ಕಡೆ ಹೋದ್ರ ರಸ್ತೆ ಬಾಜೂಕ, ಮರದ ಕೆಳಗ ಗುಲಾಬಿ ಜುಟ್ಟು ಕಟ್ಟಿಕೊಂಡು ನಿಂತಿರ್ತಾವ.

ಒಂದು ಮಾತು ಮೊದಲೇ ಹೇಳಿಬಿಡ್ತೇನಿ. ಅಲ್ಲಿಂದ ಗಡ್ಡಿ ಕಿತ್ತು ತರಬ್ಯಾಡ್ರಿ. ಸಾತಾರಾ ಹತ್ತಿರದ ಕಾಸ್ ಪಠಾರದಾಗ ಚವರ ಅಂತ ಒಂದು ಬಿಳಿ ಹೂವಿನ ಜಾತಿ ಅದ, ಸಹ್ಯಾದ್ರಿಯ ಎತ್ತರದ ಪಠಾರ ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲ. ಹಿಂದ ಅದರ ಗಡ್ಡಿಯಿಂದ ಆರಾರೂಟಿನಂಥ ಹಿಟ್ಟು ತಗೀತಿದ್ರು. ಈಗ ಫೋಟೋ ತಗೊಳ್ಳಾಕ ಹೋದವರು ಕೈಚೀಲದಾಗ ಗಡ್ಡಿ ಇಟ್ಕೊಂಡು ಬರೋದು ನೋಡೇನಿ. ಕೆಳಗ ತಂದ್ರ ಬದುಕಂಗಿಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ದೊಂಬಿವಲಿ ಬಾಲ್ಕನಿ

ಅಬ್ಬಾ, ಇಷ್ಟು ಉಂಟಾ! ಹಾಗಾದರೆ ಪೀಕಾಕ್ ಮತ್ತು ಗ್ಲೋಬಾ ಅಂತ ತೀರ್ಮಾನ. ನೆಲಸಂಪಿಗೆ ಸಿಕ್ಕಿದರೆ ಅದೂ. ನೆಡುವ ಕ್ರಮ ಸ್ವಲ್ಪ ಬಿಡಿಸಿ ಹೇಳಿ. ನಮ್ಮಲ್ಲಿ ಸಿಗುವ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು.

ಮಾಟುಂಗದ ಮಾಮಿ

ಆ ಮಣ್ಣನ್ನು ಹಾಗೇ ಹಾಕಿದರೆ ಜುಲೈ-ಆಗಸ್ಟಿನ ಆಟಿ ತಿಂಗಳು ಬರುವಷ್ಟರಲ್ಲಿ ಗೆಡ್ಡೆ ಕೊಳೆತು ಹೋಗ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಹಳೇ ಸಗಣಿ ಗೊಬ್ಬರವೋ ಎರೆಗೊಬ್ಬರವೋ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು. ಬೇವಿನ ಹಿಂಡಿ ಒಂದು ಮುಷ್ಟಿ. ಮಣ್ಣು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆ ಕಟ್ಟಬಾರದು.

ಕುಂಡ ಆಳ ಬೇಡ, ಅಗಲ ಬೇಕು. ಹನ್ನೆರಡು ಇಂಚು ಅಗಲ, ಏಳೆಂಟು ಇಂಚು ಆಳ ಸಾಕು. ಗೆಡ್ಡೆಯ ಮೇಲೆ ಒಂದು ಇಂಚು ಮಣ್ಣು ಬಂದರೆ ಸಾಕು.

ಗೆಡ್ಡೆ ಕೈಗೆ ಬಂದಾಗ ಸರಿಯಾಗಿ ನೋಡಿ. ನೆಲಸಂಪಿಗೆಯ ಗೆಡ್ಡೆಯ ಅಡಿಯಲ್ಲಿ ದಾರದಂಥ ಬೇರಿನ ತುದಿಗೆ ಉರುಟು ಉರುಟು ಗುಂಡುಗಳು ನೇತಾಡ್ತಿರ್ತಾವೆ, ಪುಟ್ಟ ಬಟಾಟೆ ಹಾಗೆ. ಅದು ಗಿಡದ ಬುತ್ತಿ. ನರ್ಸರಿಯವರು ಚಂದ ಕಾಣಲಿ ಅಂತ ಮುರಿದು ತೆಗೆದಿದ್ದರೆ ಆ ವರ್ಷ ಗಿಡ ಸೊರಗ್ತದೆ. ಗುಂಡು ಇರುವುದನ್ನೇ ಆರಿಸಿ. ಒತ್ತಿ ನೋಡಿದರೆ ಗಟ್ಟಿ ಇರ್ಬೇಕು.

ನೆಟ್ಟ ಮೇಲೆ ಒಂದು ಸಲ ನೀರು ಹಾಕಿ, ಆಮೇಲೆ ಸುಳಿ ಕಾಣುವ ತನಕ ಮಣ್ಣು ಬರೀ ತೇವ ಇದ್ದರಾಯ್ತು. ಈ ಹಂತದಲ್ಲಿ ಪ್ರೀತಿ ಹೆಚ್ಚಾಗಿಯೇ ಜಾಸ್ತಿ ಗಿಡ ಸಾಯುವುದು.

ವಿಲೆಪಾರ್ಲೆ ಪಾತರಗಿತ್ತಿ

ಬಾಲ್ಕನಿ ಉತ್ತರಕ್ಕೆ ಅಂದಿದ್ದೀರಿ, ಅದಕ್ಕೊಂದು ಎಚ್ಚರಿಕೆ. ಉತ್ತರ ಅಂದರೆ ವರ್ಷವಿಡೀ ನೆರಳು ಅಂತ ಎಲ್ಲರೂ ತಿಳಿದಿರ್ತಾರೆ. ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರ್ತಾನೆ, ಅಲ್ಲಿಂದ ಜುಲೈ ಕೊನೆಯ ತನಕ ಮಧ್ಯಾಹ್ನವೂ ಉತ್ತರಕ್ಕೇ ವಾಲಿರ್ತಾನೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಂತೂ ಏಪ್ರಿಲ್‌ನಿಂದಲೇ ಉತ್ತರದ ಗೋಡೆಗೆ ಬೀಳ್ತದೆ. ಜೂನ್ ಜುಲೈಯಲ್ಲಿ ಮೋಡ ಕಾಯ್ತದೆ. ತೊಂದರೆ ಇರುವುದು ಮೇ ಕೊನೆಯ ವಾರಗಳಲ್ಲಿ. ಸರಿಯಾಗಿ ಪೀಕಾಕ್‌ನ ಸುಳಿ ಬಿಚ್ಚುವ ಹೊತ್ತಿಗೆ ಬಾಲ್ಕನಿಗೆ ಸುಡುಬಿಸಿಲು. ಆ ಎಳೆ ಎಲೆಗೆ ಎರಡು ತಾಸು ಬಿಸಿಲು ತಾಗಿದರೆ ಅಂಚು ಕಾಗದದ ಹಾಗೆ ಬೆಳ್ಳಗಾಗ್ತದೆ. ಮಳೆ ಹಿಡಿಯುವ ತನಕ ಕುಂಡವನ್ನು ಗೋಡೆಯ ಮೂಲೆಗೆ ಸರಿಸಿ, ಅಥವಾ ಹಸಿರು ನೆಟ್ ಕಟ್ಟಿ.

ದೊಂಬಿವಲಿ ಬಾಲ್ಕನಿ

ಇದು ನಿಜ! ಟವರ್ ಮತ್ತು ನಮ್ಮ ಬಿಲ್ಡಿಂಗಿನ ಸಂದಿಯಿಂದ ಮೇಯಲ್ಲಿ ಬೆಳಿಗ್ಗೆ ಒಂದು ಪಟ್ಟಿ ಬಿಸಿಲು ಬರ್ತದೆ. ಅದು ಯಾಕೆ ಅಂತ ಗೊತ್ತಿರಲಿಲ್ಲ.

ಹಿಂಜವಡಿ ಹುಡುಗ

ನಮ್ಮನೇಲಿ ಬೆಕ್ಕಿದೆ. ಲಿಲಿ ಬೆಕ್ಕಿಗೆ ವಿಷ ಅಂತ ಓದಿದ್ದೆ. ಇದೂ ಲಿಲಿನಾ?

ಪೊಂಡಾ ಕುಳಾಗರ

ಅಲ್ಲ. ಹೆಸರಿಗಷ್ಟೇ ಲಿಲಿ, ಇದು ಶುಂಠಿ ಕುಟುಂಬ, ಬಿಳಿ ಸುಗಂಧಿ ಬೆಕ್ಕಿಗೆ ಅಪಾಯವಿಲ್ಲ. ಹೂವಿನಂಗಡಿಯಲ್ಲಿ ಉದ್ದ ಕಾಂಡದೊಂದಿಗೆ ಸಿಗುವ ನಿಜವಾದ ಲಿಲಿ ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತದೆ, ಹೂವಿನ ಪುಡಿ ನೆಕ್ಕಿದರೂ ಸಾಕು. ಹಾಗೇ ಗೌರಿ ಹೂವಿನ ಗೆಡ್ಡೆ, ಅದನ್ನೂ ಲಿಲಿ ಅಂತಲೇ ಮಾರುತ್ತಾರೆ, ಅದು ಮನುಷ್ಯರಿಗೂ ಕಡುವಿಷ. ಗೆಡ್ಡೆ ಕೊಳ್ಳುವಾಗ ಸಸ್ಯಶಾಸ್ತ್ರದ ಹೆಸರು ಕೇಳಿ. ಹೇಳದಿದ್ದರೆ ಬೇರೆ ಕಡೆ ನೋಡಿ.

ಕೊಥ್ರೂಡ್ ಕಾಕಾ

ಮುಂಬೈ, ಗೋವಾದವರು ಹೇಳೋದೆಲ್ಲಾ ಪುಣೆಕ್ಕ ಹಂಗs ಹೊಂದಂಗಿಲ್ರಿ. ಇಲ್ಲಿ ಮಳಿ ನಿಮ್ಮ ಮೂರನೇ ಒಂದು ಪಾಲು. ಏಪ್ರಿಲ್‌ದಾಗ ಒಣಗಾಳಿ, ಎಲಿ ತುದಿ ಕರಕಾಗ್ತದ. ನಾವು ಜೂನ್‌ದಾಗ ಮಿರಗ ಮಳಿ ಬಿದ್ದ ಮ್ಯಾಲೇ ಹಚ್ಚೋದು, ಮೊದಲs ಹಚ್ಚಿದ್ರ ಸುಳಿ ಒಣಗ್ತದ. ಇನ್ನೊಂದು, ಟ್ಯಾಂಕರ್ ನೀರು. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ಮಣ್ಣಿನ ಮ್ಯಾಲೆ ಬೆಳ್ಳಗ ಉಪ್ಪು ಕಟ್ತದ, ಗ್ಲೋಬಾಕ್ಕ ಅದು ಆಗಿಬರಂಗಿಲ್ಲ. ಮಳಿನೀರು ಡ್ರಮ್ಮಿನಾಗ ಹಿಡದಿಟ್ಟು ಹಾಕ್ತೇವಿ. ಮುಚ್ಚಳ ಇರೋ ಡ್ರಮ್ಮು, ಡೆಂಗೀ ಕಾಲ ನೋಡ್ರಿ.

ಗಿಡ ನೋಡೇ ತಗೋಬೇಕಂದ್ರ ಜನವರಿದಾಗ ಎಂಪ್ರೆಸ್ ಗಾರ್ಡನ್ನಿನ ಹೂವಿನ ಪ್ರದರ್ಶನಕ್ಕ ಹೋಗ್ರಿ, ಆದ್ರ ಆಗ ಇವೆಲ್ಲಾ ಮಲಗಿರ್ತಾವ, ಕೊಳ್ಳಾಕ ಜುಲೈ-ಆಗಸ್ಟ್ ಚಲೋ. ಎಲಿ ಹೂ ಎರಡೂ ಕಣ್ಣಿಗೆ ಕಾಣ್ತಾವ, ಮೋಸ ಆಗಂಗಿಲ್ಲ.

ದೊಂಬಿವಲಿ ಬಾಲ್ಕನಿ (ಆಗಸ್ಟ್)

ಹಳೇ ಚರ್ಚೆ ಮತ್ತೆ ಎಬ್ಬಿಸ್ತಾ ಇದ್ದೇನೆ. ಪೀಕಾಕ್ ಹೂ ಬಿಡ್ತಾ ಉಂಟು, ಮಾಮಿ ಹೇಳಿದ ಹಾಗೇ, ದಿನಾ ಬೆಳಿಗ್ಗೆ. ಗ್ಲೋಬಾ ಈಗ ಜಡೆ ಇಳಿಸ್ಲಿಕ್ಕೆ ಶುರು. ಆದರೆ ದೊಡ್ಡ ಸುಗಂಧಿಯ ಎಲೆಯನ್ನು ಯಾರೋ ಅಂಚಿನಿಂದ ಕತ್ತರಿಸಿ ಬೀಡಾ ಮಡಿಸಿದ ಹಾಗೆ ಮಡಚಿದ್ದಾರೆ. ಬಿಚ್ಚಿದರೆ ಒಳಗೆ ಹಸಿರು ಹುಳ. ಔಷಧಿ ಎಂತ ಹೊಡಿಬೇಕು?

ವಿಲೆಪಾರ್ಲೆ ಪಾತರಗಿತ್ತಿ

ದಯವಿಟ್ಟು ಏನೂ ಹೊಡೀಬೇಡಿ! ಹುಳ ಗಾಜಿನಂಥ ಹಸಿರು, ತಲೆ ಕಪ್ಪು, ಮೈಯೊಳಗಿನದ್ದೆಲ್ಲ ಹೊರಗೇ ಕಾಣುವ ಹಾಗಿದೆಯಾ? ಹಾಗಿದ್ದರೆ ಅದು ಗ್ರಾಸ್ ಡೀಮನ್ ಚಿಟ್ಟೆಯ ಮರಿ. ಅರಿಶಿನ, ಶುಂಠಿ, ಸುಗಂಧಿ, ಕೆಂಫೇರಿಯಾ ಇವೇ ಅದರ ಊಟ. ಎಲೆಯ ಅಂಚನ್ನು ಸೀಳಿ, ಮಡಚಿ, ರೇಷ್ಮೆ ಎಳೆಯಿಂದ ಹೊಲಿದು ಒಳಗೆ ಕೂರ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆ ಇರುವ ಚಿಟ್ಟೆ ನಿಮ್ಮ ಗ್ರಿಲ್ಲಿನ ಮೇಲೇ ಕೂತಿರ್ತದೆ. ಹೇಗೂ ಆ ದೊಡ್ಡ ಸುಗಂಧಿ ಹೂ ಬಿಡ್ತಾ ಇಲ್ಲ, ಎಲೆ ಅದಾದರೂ ತಿನ್ನಲಿ.

ಮಾಟುಂಗದ ಮಾಮಿ

ಚಿಟ್ಟೆಯವರು ಹಾಗೇ ಹೇಳ್ತಾರೆ. ನನ್ನ ಪೀಕಾಕ್‌ಗೆ ಇರುವುದೇ ನಾಲ್ಕು ಎಲೆ, ಅದರಲ್ಲಿ ಎರಡು ಆ ಹುಳಕ್ಕೆ ಕೊಟ್ಟರೆ ನನಗೆಂತ ಉಳೀತದೆ? ಪೀಕಾಕ್ ಮೇಲೆ ಕಂಡರೆ ನಾನು ಹುಳವನ್ನು ಎತ್ತಿ ಅರಿಶಿನದ ಕುಂಡಕ್ಕೆ ದಾಟಿಸ್ತೇನೆ. ಅಲ್ಲಿ ಎಲೆ ಬೇಕಾದಷ್ಟು, ಆದರೂ ಚೌತಿಗೆ ಕಡುಬು ಮಾಡ್ಲಿಕ್ಕೆ ಒಳ್ಳೆ ಎಲೆ ಬೇಕು ಅಂತ ನಾಲ್ಕು ಕಾದಿಡ್ತೇನೆ.

ವಿಲೆಪಾರ್ಲೆ ಪಾತರಗಿತ್ತಿ

ದಾಟಿಸುವುದು ಒಳ್ಳೆಯದೇ ಮಾಮಿ, ಒಪ್ಪಿದೆ. ಆದರೆ ಕಾಂಡದಲ್ಲಿ ತೂತು, ತೂತಿನಿಂದ ಹುಡಿ ಉದುರಿ, ನಡುವಿನ ಸುಳಿ ಒಂದೇ ಹಳದಿಯಾಗಿ ಒಣಗಿದ್ದರೆ ಅದು ಬೇರೆ, ಕಾಂಡ ಕೊರಕ. ಆ ಕಾಂಡವನ್ನು ಬುಡದಿಂದ ಕತ್ತರಿಸಿ ಸೀಳಿ ಹುಳ ತೆಗೆಯಿರಿ. ಅಲ್ಲಿ ನನ್ನ ದಯೆ ಇಲ್ಲ.

ಹಿಂಜವಡಿ ಹುಡುಗ

ನನ್ನ ಗ್ಲೋಬಾ ಕೆಳಗಿನ ಎಲೆಯಿಂದ ಹಳದಿ ಆಗ್ತಾ ಬರ್ತಿದೆ. ಮೆಲ್ಲಗೆ ಎಳೆದರೆ ಕಾಂಡವೇ ಕೈಗೆ ಬಂತು, ಕೆಟ್ಟ ವಾಸನೆ.

ಪೊಂಡಾ ಕುಳಾಗರ

ಕೊಳೆ ರೋಗ. ಕಾಂಡದ ಗಟ್ಟಿ ಇರುವ ತುಂಡು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ಸ್ವಲ್ಪ ಹೊತ್ತು ಅಲುಗಿಸದೆ ನೋಡಿ. ಕತ್ತರಿಸಿದ ಬಾಯಿಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ಬ್ಯಾಕ್ಟೀರಿಯಾ ಬಾಡುರೋಗ. ಅದಕ್ಕೆ ಮದ್ದಿಲ್ಲ, ಮಣ್ಣಿನ ಸಮೇತ ಎಸೆಯಿರಿ, ಕುಂಡ ಬ್ಲೀಚಿಂಗ್ ಪುಡಿಯಿಂದ ತೊಳೆಯಿರಿ. ಎಳೆ ಬಾರದಿದ್ದರೆ ಬಹುಶಃ ಶಿಲೀಂಧ್ರದ ಮೆದುಕೊಳೆ, ನೀರು ನಿಂತದ್ದೇ ಕಾರಣ. ಗೆಡ್ಡೆ ಅಗೆದು ಮೆತ್ತಗಾದ ಭಾಗ ಕತ್ತರಿಸಿ ಹಾಕಿ, ಒಂದೆರಡು ದಿನ ನೆರಳಲ್ಲಿ ಒಣಗಿಸಿ, ಹೊಸ ಮಣ್ಣಿಗೆ ಟ್ರೈಕೋಡರ್ಮಾ (ಕೊಳೆ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ನೆಡಿ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೀರಾ? ಮಳೆಗಾಲದಲ್ಲಿ ಮೊದಲು ಅದನ್ನು ತೆಗೀರಿ.

ಅಡುಗೆಮನೆಯ ಮೊಳಕೆ ಬಂದ ಶುಂಠಿಯನ್ನು ಅದೇ ಮಣ್ಣಿಗೆ ಚುಚ್ಚಿದ್ದಿರಾ? ಸಂತೆಯ ಶುಂಠಿಯೊಂದಿಗೆ ಈ ರೋಗ ಬರುವುದು ಮಾಮೂಲು.

ಹಿಂಜವಡಿ ಹುಡುಗ

ಚುಚ್ಚಿದ್ದು ಅಮ್ಮ 😐 ತಟ್ಟೆನೂ ಇತ್ತು. ಲೋಟದಲ್ಲಿ ಎಳೆ ಬರಲಿಲ್ಲ. ಎರಡು ಗಟ್ಟಿ ತುಂಡು ಉಳಿದಿದೆ.

ಕೊಥ್ರೂಡ್ ಕಾಕಾ

ಗ್ಲೋಬಾದಾಗ ಇನ್ನೊಂದು ಉಪಾಯ ಅದ. ಕೆಲವು ಜಾತಿಯೊಳಗ ಹೂವಿನ ಜಡಿಯ ಬುಡಕ್ಕ ಸಣ್ಣ ಸಣ್ಣ ಮರಿಗಡ್ಡಿ ಕೂತಿರ್ತಾವ, ಜ್ವಾಳದ ಕಾಳಿಗಿಂತ ಸ್ವಲ್ಪ ದೊಡ್ಡವು. ಅವು ತಾವಾಗೇ ಉದರಿ ಮುಂದಿನ ಮಳಿಗಾಲಕ್ಕ ಏಳ್ತಾವ. ನಿನ್ನ ಗಿಡದಾಗ ಇದ್ರ ಆರಿಸಿ ಬ್ಯಾರೆ ಕುಂಡದಾಗ ಹಾಕು. ಗಡ್ಡಿ ಹೋದ್ರೂ ವಂಶ ಉಳೀತದ.

ದೊಂಬಿವಲಿ ಬಾಲ್ಕನಿ (ನವೆಂಬರ್)

ಪೀಕಾಕ್ ಎಲೆಯೆಲ್ಲಾ ಹಳದಿಯಾಗಿ ಮಲಗ್ತಾ ಉಂಟು. ರೋಗವಾ ಅಂತ ಹೆದರಿ ಎಳೆದು ನೋಡಿದೆ, ಗಟ್ಟಿ ಉಂಟು, ವಾಸನೆ ಇಲ್ಲ. ದ್ರವ ಗೊಬ್ಬರ ಹಾಕ್ಲಾ?

ಮಾಟುಂಗದ ಮಾಮಿ

ಬೇಡ! ಅದಕ್ಕೆ ನಿದ್ದೆ ಬಂದಿದೆ, ಊಟ ಬೇಡ. ಗೊಬ್ಬರ ಏನಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈಗ ನೀರು ಕಮ್ಮಿ ಮಾಡ್ತಾ ಬಂದು ಎಲೆ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿಬಿಡಿ. ಗೆಡ್ಡೆ ಅಗೆಯುವ ಅಗತ್ಯ ಇಲ್ಲ, ಕುಂಡವನ್ನು ಹಾಗೇ ಒಣಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಮಣ್ಣಿಗೆ ನಾಲ್ಕು ಹನಿ ಚಿಮುಕಿಸಿದರೆ ಗೆಡ್ಡೆ ಬತ್ತುದಿಲ್ಲ, ಅಷ್ಟೇ.

ಮತ್ತೆ ಕುಂಡದ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ನಮ್ಮಲ್ಲಿ ಖಾಲಿ ಕುಂಡ ಅಂತ ಹೇಳಿ ಸೊಸೆ ಕೊತ್ತಂಬರಿ ಬಿತ್ತಿದಳು. ದಿನಾ ನೀರು. ಕೊತ್ತಂಬರಿ ಚೆನ್ನಾಗಿಯೇ ಬಂತು, ನೆಲಸಂಪಿಗೆ ಬರಲಿಲ್ಲ.

ಹಿಂಜವಡಿ ಹುಡುಗ

ಅಂದ್ರೆ ಆರು ತಿಂಗಳು ಬರೀ ಮಣ್ಣು ನೋಡ್ಕೊಂಡು ಕೂರ್ಬೇಕಾ?

ಪೊಂಡಾ ಕುಳಾಗರ

ಬೇಸರವಾದರೆ ಪಕ್ಕದಲ್ಲಿ ಬಿಳಿಹಳದಿ ಪಟ್ಟೆಯ ಆಲ್ಪೀನಿಯಾ ಇಟ್ಟುಕೊಳ್ಳಿ. ಅದೂ ಶುಂಠಿ ಕುಟುಂಬವೇ, ನೆರಳಿನಲ್ಲಿ ವರ್ಷವಿಡೀ ಎಲೆ ಇರುತ್ತದೆ. ಕುಂಡದಲ್ಲಿ ಎರಡು-ಮೂರು ಅಡಿ, ಹೂವಿನ ನಿರೀಕ್ಷೆ ಬೇಡ. ಅದಕ್ಕೆ ಮಾತ್ರ ಬೇಸಿಗೆಯಲ್ಲೂ ನೀರು ತಪ್ಪಿಸಬಾರದು, ಹಾಗಾಗಿ ಮಲಗಿದ ಕುಂಡದಿಂದ ದೂರ ಇಡಿ.

ದೊಂಬಿವಲಿ ಬಾಲ್ಕನಿ

ಕುಂಡಗಳಿಗೆ ಹೆಸರು ಬರೆದಾಯ್ತು, ಕನ್ನಡದಲ್ಲೂ ಮರಾಠಿಯಲ್ಲೂ, ಕೆಲಸಕ್ಕೆ ಬರುವ ಬಾಯಿಗೆ ಓದ್ಲಿಕ್ಕೆ ಆಗ್ಬೇಕಲ್ಲ. ಪೀಕಾಕ್ ಗೆಡ್ಡೆ ಕುಂಡ ತುಂಬ ಆಗಿದೆ ಅಂತ ಕಾಣ್ತದೆ. ಹಂಚುವುದಾದರೆ ಈಗಲೇ ಅಗೆಯಬೇಕಾ?

ಮಾಟುಂಗದ ಮಾಮಿ

ಈಗ ಮುಟ್ಟಬೇಡಿ, ಗಾಯ ಮಾಯುದಿಲ್ಲ. ಏಪ್ರಿಲ್‌ನಲ್ಲಿ ಅಗೆದು, ಪ್ರತಿ ತುಂಡಿಗೂ ಒಂದಾದರೂ ಕಣ್ಣು ಇರುವ ಹಾಗೆ ಮುರಿದು, ಮುರಿದ ಜಾಗಕ್ಕೆ ಬೂದಿ ಸವರಿ ಒಂದು ದಿನ ಆರಲು ಬಿಡಿ. ನನಗೆ ಎರಡು ತುಂಡು ಎತ್ತಿಡಿ, ನಾನು ಮಾಟುಂಗ ಸ್ಟೇಷನ್ನಿಗೆ ನೆಲಸಂಪಿಗೆ ತರ್ತೇನೆ. ಹೌದು, ಮತ್ತೆ ಸಿಕ್ಕಿದೆ. ಸೊಸೆಯೇ ಹುಡುಕಿ ತಂದಳು.

ಹಿಂಜವಡಿ ಹುಡುಗ

ನನಗೂ ಒಂದು ತುಂಡು. ಪುಣೆಯಿಂದ ಬರ್ತೀನಿ.

ಕೊಥ್ರೂಡ್ ಕಾಕಾ

ಬರೋವಾಗ ನನ್ನ ಕಡಿಂದ ಕಾಡು ಅರಿಷಿಣದ ಗಡ್ಡಿ ಒಯ್ಯಿ, ನರ್ಸರಿದು, ಕಾಸ್‌ದಲ್ಲ. ಬೆಕ್ಕು ಮನ್ಯಾಗ ಬಿಟ್ಟು ಬಾ.